ಒಂದು ಗಂಟೆಗೆ ಕೆಂಪು

ನಾನು ಬರೆದ ಮೊದಲ ಪ್ರೋಗ್ರಾಮು ಪರದೆಯ ಮೇಲೆ ಒಂದು ಬೂದು ಬಣ್ಣದ ಚೌಕವನ್ನು ತೆರೆಯಿತು. ಅಷ್ಟೇ. ಮೂಲೆಯಲ್ಲಿ ಮುಚ್ಚುವ ಗುರುತೊಂದನ್ನು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಮುಚ್ಚಿದೆ, ತೆರೆದೆ, ಮತ್ತೆ ಮುಚ್ಚಿದೆ. ಹೀಗೆ ಹನ್ನೊಂದು ಸಲ. ನಲವತ್ತಮೂರು ವರ್ಷದ ಹೆಂಗಸು, ಎಂಬತ್ತು ತಟ್ಟೆ ರೇಷ್ಮೆಹುಳುವಿನ ಒಡತಿ, ಬಾಗಿಲ ಜೊತೆ ಆಡುವ ಮಗುವಿನ ಹಾಗೆ ಕೂತಿದ್ದೆ. ನಮ್ಮತ್ತೆ ಮುದ್ದೀರಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

“ಏನವ್ವ ಅದು?”

“ಕಿಟಕಿ ಅತ್ತೆ. ನಾನೇ ಮಾಡಿದ್ದು.”

“ಒಳಗೇನೂ ಇಲ್ವಲ್ಲ.”

“ಇನ್ನೂ ಇಟ್ಟಿಲ್ಲ.”

“ಹಂಗಾದ್ರೆ ಇಟ್ಮೇಲೆ ಕರಿ,” ಎಂದು ಅವರು ಸೊಪ್ಪು ಹೆಚ್ಚಲು ಹೋದರು. ನನಗೆ ಬೇಜಾರಾಗಲಿಲ್ಲ. ಇಲ್ಲದ್ದೊಂದು ಇರುವಂತಾಗಿತ್ತು, ಅದೂ ನಾನು ಬರೆದ ಆರು ಸಾಲಿನಿಂದ. ಆ ದಿನವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ಕನಕಪುರದಿಂದ ಹದಿನಾಲ್ಕು ಕಿಲೋಮೀಟರು ಒಳಗೆ ಮಾಳಿಗೆಸಂದ್ರ ನಮ್ಮೂರು. ನಮ್ಮದು ಚಾಕಿ ಮನೆ, ಎಂದರೆ ರೇಷ್ಮೆಹುಳುವಿನ ಬಾಣಂತನದ ಮನೆ. ಮೊಟ್ಟೆಯಿಂದ ಆಗತಾನೆ ಎದ್ದ ಹುಳು ಇರುವೆಗಿಂತ ಸಣ್ಣದು. ಅದನ್ನು ಸಾಕುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಮೊದಲ ಒಂದು ವಾರ ನಾವು ಸಾಕುತ್ತೇವೆ, ಎರಡನೇ ಸಲ ಪೊರೆ ಬಿಡುವ ಹೊತ್ತಿಗೆ ರೈತರ ಕೈಗಿಡುತ್ತೇವೆ. ಒಂದು ಬ್ಯಾಚಿಗೆ ಇಪ್ಪತ್ತು ಮನೆಯ ಹುಳು, ಸುಮಾರು ಹತ್ತು ಲಕ್ಷ. ನಮ್ಮ ತಟ್ಟೆಯಲ್ಲಿ ಕಾಯಿಲೆ ಹುಟ್ಟಿದರೆ ಇಪ್ಪತ್ತು ಮನೆಗೂ ಹಂಚಿಬಂದ ಹಾಗೆಯೇ.

ಆ ವರ್ಷ ಡಾಕ್ಟರ್ ತಸ್ನೀಮ್ ಕಿವಿಹಾಳೆ ತಂದರು. ಅವರು ತಾಲ್ಲೂಕಿನ ರೇಷ್ಮೆ ಪ್ರಯೋಗಾಲಯದ ವಿಜ್ಞಾನಿ, ಮೂವತ್ತೆರಡು ವಯಸ್ಸು, ಗೂಡಿನಿಂದ ನೂಲು ತೆಗೆಯುವವರ ಮನೆಯ ಮಗಳು. ರೇಷ್ಮೆಯನ್ನೇ ಕರಗಿಸಿ, ದೋಸೆಗಿಂತ ತೆಳ್ಳಗೆ ಎರೆದು ಒಣಗಿಸಿದರೆ ಒಂದು ಹಾಳೆ ಆಗುತ್ತದೆ. ಅದನ್ನು ಒತ್ತಿದರೆ ಚೂರೇ ಚೂರು ವಿದ್ಯುತ್ತು ಹುಟ್ಟುತ್ತದೆ. ಮೇಡಂ ಅದನ್ನು ಎಷ್ಟು ನಯ ಮಾಡಿದ್ದರೆಂದರೆ, ಮರಿಹುಳು ಸೊಪ್ಪಿನ ಅಂಚಿಗೆ ಬಾಯಿ ಹಾಕಿದರೂ ಹಾಳೆಗೆ ಗೊತ್ತಾಗುತ್ತಿತ್ತು. ದೊಡ್ಡ ಹುಳು ಮೇಯುವ ಸದ್ದು ನಮಗೆಲ್ಲ ಗೊತ್ತು, ಹೊರಗೆ ಸೋನೆ ಹಿಡಿದ ಹಾಗಿರುತ್ತದೆ. ಚಾಕಿ ಹುಳುವಿನ ಸದ್ದನ್ನು ಮಾತ್ರ ಅದುವರೆಗೆ ಯಾರೂ ಕೇಳಿರಲಿಲ್ಲ. ನಮ್ಮ ನಾಲ್ಕು ತಟ್ಟೆಯ ಅಡಿಯಲ್ಲಿ ನಾಲ್ಕು ಹಾಳೆ ಹಾಸಿದರು. ಅದರ ತಂತಿ ಒಂದು ಸಣ್ಣ ಡಬ್ಬಿಗೆ, ಡಬ್ಬಿಯಿಂದ ಅಂಕಿ ಅಂಶವೆಲ್ಲ ನಗರದ ದೊಡ್ಡ ಯಂತ್ರಕ್ಕೆ. ಅಲ್ಲಿಂದ ಮೂರು ದಿನಕ್ಕೆ ವರದಿ.

ಹುಳುವಿಗೆ ಮೂರು ದಿನವೆಂದರೆ ನಮಗೆ ಏಳೆಂಟು ವರ್ಷ. ಒಮ್ಮೆ ವರದಿ ತರಲು ಪ್ರಯೋಗಾಲಯಕ್ಕೆ ಹೋದಾಗ ‘ಮೂರನೇ ತಟ್ಟೆಯಲ್ಲಿ ಹಸಿವು ಕಡಿಮೆ’ ಎಂದು ಬರೆದಿತ್ತು. ಆ ತಟ್ಟೆಯ ಹುಳುವನ್ನು ನಾವು ಹೂತು ಎರಡು ದಿನವಾಗಿತ್ತು.

“ಸತ್ತೋರ ಜಾತಕ ಬರಿಸ್ದಂಗಾಯ್ತು ಮೇಡಂ,” ಎಂದೆ. “ನಂಗೆ ಇವತ್ತೇ ಗೊತ್ತಾಗ್ಬೇಕು. ನಮ್ಮನೇಲೇ ಗೊತ್ತಾಗ್ಬೇಕು.”

“ಆ ಯಂತ್ರ ಇಡೀ ರಾಜ್ಯದ ಹಾಳೆಗಳನ್ನ ಓದುತ್ತೆ ಹೊಂಬಾಳಮ್ಮ. ನಮ್ಮ ಸರದಿ ಬರೋಕೆ ಮೂರು ದಿನ.”

“ನಂಗೆ ರಾಜ್ಯ ಕಟ್ಕೊಂಡೇನಾಗ್ಬೇಕು? ನಾಲ್ಕು ತಟ್ಟೆ ಸಾಕು.”

“ಹಾಗಾದ್ರೆ ನೀವೇ ಒಂದು ಪ್ರೋಗ್ರಾಮ್ ಬರೀರಿ.”

ತಮಾಷೆ ಎಂದುಕೊಂಡೆ. ಅವರು ಬೀರುವಿನಿಂದ ಎರಡು ಕೀಲಿ ಬಿದ್ದುಹೋಗಿದ್ದ ಹಳೆಯ ಲ್ಯಾಪ್‌ಟಾಪು ತೆಗೆದು ನನ್ನ ಮುಂದಿಟ್ಟರು. ನಾನು ಎಸೆಸೆಲ್ಸಿ, ಗಣಿತದಲ್ಲಿ ನಲವತ್ತೊಂದು ಎಂದು ಹೇಳಿದೆ. “ಸಾಕು. ಇದಕ್ಕೆ ಗಣಿತಕ್ಕಿಂತ ಹಟ ಜಾಸ್ತಿ ಬೇಕು, ಅದು ನಿಮ್ಮ ಹತ್ರ ಧಾರಾಳವಾಗಿದೆ,” ಎಂದರು. ಹೊಗಳಿದರೋ ಬೈದರೋ ಈಗಲೂ ನನಗೆ ಗೊತ್ತಿಲ್ಲ.

ಅಲ್ಲೇ, ಹುಳುವಿನ ಸೀಸೆಗಳ ನಡುವೆ ಕೂತು, ಎರಡು ಗಂಟೆ ಹೇಳಿಕೊಟ್ಟರು. ಮೊದಲು ಒಂದು ಕಿಟಕಿ. ಅದರೊಳಗೆ ಅಕ್ಷರ ತೋರಿಸುವ ಪಟ್ಟಿ. ಅದರ ಕೆಳಗೆ ಒಂದು ಬಟನ್. ಬಟನ್ ಒತ್ತಿದಾಗ ಯಾವ ಕೆಲಸ ಆಗಬೇಕೆಂದು ಮೊದಲೇ ಹೇಳಿಟ್ಟಿರಬೇಕು. ಕೊನೆಯ ಸಾಲಿನಲ್ಲಿ ಕಿಟಕಿಯನ್ನು ಕಾವಲುಗಾರನ ಹಾಗೆ ಸುತ್ತು ಹೊಡೆಯಲು ಬಿಡಬೇಕು. ಯಾರಾದರೂ ಒತ್ತಿದರಾ, ಯಾರಾದರೂ ಬಂದರಾ ಎಂದು ಅದು ನೋಡುತ್ತಲೇ ಇರುತ್ತದೆ, ಮುಚ್ಚುವವರೆಗೂ. ಬಸ್ಸಿನಲ್ಲಿ ಬರುವಾಗ ನಾನು ಅದನ್ನೇ ಬಾಯಿಪಾಠ ಮಾಡುತ್ತ ಬಂದು, ನಮ್ಮೂರ ನಿಲ್ದಾಣ ಬಿಟ್ಟು ಮುಂದಿನ ನಿಲ್ದಾಣದಲ್ಲಿ ಇಳಿದೆ.

ಬೂದು ಚೌಕದ ಒಳಗೆ ಒಂದು ವಾರದಲ್ಲಿ ದೊಡ್ಡದೊಂದು ವೃತ್ತ ಬಂತು, ವೃತ್ತದ ಕೆಳಗೆ ‘ಕೇಳು’ ಎಂಬ ಬಟನ್ ಬಂತು. ಒತ್ತಿದರೆ ಪ್ರೋಗ್ರಾಮು ಡಬ್ಬಿಯಿಂದ ಒಂದು ನಿಮಿಷ ಸದ್ದು ಕೇಳಿ, ಎಷ್ಟು ಬಾಯಿ ಮೇಯುತ್ತಿವೆ ಎಂದು ಎಣಿಸಿ, ವೃತ್ತಕ್ಕೆ ಬಣ್ಣ ಬಳಿಯಬೇಕು. ಹಸಿರೆಂದರೆ ಚೆನ್ನ, ಹಳದಿಯೆಂದರೆ ಹುಷಾರು, ಕೆಂಪೆಂದರೆ ಕೆಟ್ಟಿತು. ಒತ್ತಿದೆ. ಕಿಟಕಿ ಕಲ್ಲಾಯಿತು. ಮುಚ್ಚಲೂ ಆಗದು, ಸರಿಸಲೂ ಆಗದು. ಮೇಲೆ ‘ಸ್ಪಂದಿಸುತ್ತಿಲ್ಲ’ ಎಂದು ಬಂತು. ನಾನು ಹೆದರಿ ಬ್ಯಾಟರಿಯನ್ನೇ ಕಿತ್ತೆ. ಮತ್ತೆ ಹಾಕಿ ಒತ್ತಿದೆ, ಮತ್ತೆ ಅದೇ. ಮೂರು ದಿನ ಇದೇ ಆಟ. ನಮ್ಮ ಯಜಮಾನರು ಕೆಂಪೀರಯ್ಯ ತೋಟದಿಂದ ಬಂದವರು ನೋಡಿ, “ಹೊಡ್ದು ಗಿಡ್ದು ಮಾಡ್ದ್ಯಾ?” ಎಂದು ಕೇಳಿದರು. ನನ್ನ ಮುಖ ಕಂಡು ಕೈಕಾಲು ತೊಳೆಯಲು ಹೋದರು.

ಮೇಡಂಗೆ ಫೋನು ಮಾಡಿದರೆ, “ನಿಮ್ಮ ಬಟನ್ನು ಒಂದು ನಿಮಿಷ ಏನು ಮಾಡ್ತಿದೆ, ಆಗ ಕಿಟಕಿಯನ್ನ ನೋಡಿಕೊಳ್ಳೋರು ಯಾರು, ಯೋಚನೆ ಮಾಡಿ,” ಎಂದು ಇಟ್ಟುಬಿಟ್ಟರು. ಉತ್ತರ ಗೊತ್ತಿದ್ದೂ ಹೇಳದವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು.

ಆ ಸಿಟ್ಟಿನಲ್ಲೇ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಒಂದು ಒಲೆಯಲ್ಲಿ ಹಾಲು ಇಟ್ಟಿದ್ದರು, ಇನ್ನೊಂದರಲ್ಲಿ ಮುದ್ದೆಗೆ ಎಸರು. ನಡುವೆ ಸೊಪ್ಪಿನ ಆಳು ಬಂದು ಕೂಗಿದಾಗ ಹೋಗಿ ಮಾತಾಡಿ ಬಂದರು, ಹಾಲು ನೋಡಿದರು, ಕಾಯಿ ತುರಿದರು, ಹಾಲು ನೋಡಿದರು.

“ಅತ್ತೆ, ಹಾಲು ಉಕ್ಕೋಗಂಟ ಅಲ್ಲೇ ನಿಂತು ನೋಡಲ್ವಾ ನೀವು?”

“ನಿಂತ್ಕಂಡ್ರೆ ಬಾಗ್ಲಿಗ್ ಬಂದೋರ್ನ ಕೇಳೋರ್ ಯಾರವ್ವ? ಒಸಿ ನೋಡೋದು, ಅತ್ಲಾಗೆ ಹೋಗೋದು, ತಿರ್ಗಾ ಬರೋದು.”

ನಾನು ಓಡಿದೆ. ನನ್ನ ಬಟನ್ನು ಹಾಲಿನ ಮುಂದೆ ಒಂದು ನಿಮಿಷ ನಿಂತುಬಿಡುತ್ತಿತ್ತು, ಬಾಗಿಲಿಗೆ ಬಂದವರನ್ನು ಕೇಳುವವರೇ ಇರಲಿಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗ ಕೇಳು, ಅಂಕಿ ಬರೆದಿಡು, ಕಿಟಕಿಗೆ ಕೆಲಸ ಬಿಟ್ಟುಕೊಡು, ತಿರುಗಾ ಬಾ ಎಂದು ಬದಲಿಸಿ ಬರೆದೆ. ಒತ್ತಿದೆ. ವೃತ್ತದ ನಡುವೆ ಒಂದು ಅಂಕಿ ಎದ್ದಿತು. ನಾಲ್ಕು ಸಾವಿರ, ಏಳು ಸಾವಿರ, ಹನ್ನೊಂದು ಸಾವಿರ. ಕಿಟಕಿಯನ್ನು ಎಳೆದಾಡಿದೆ, ಅದು ಎಳೆದ ಕಡೆ ಬಂತು, ಅಂಕಿ ಮಾತ್ರ ನಿಲ್ಲಲಿಲ್ಲ. ಪಕ್ಕದ ಕೋಣೆಯಲ್ಲಿ ಮೇಯುತ್ತಿದ್ದ ಹುಳುಗಳನ್ನು, ಕಿವಿಗೆ ಕೇಳದ ಆ ಬಾಯಿಗಳನ್ನು, ನಾನು ನಮ್ಮನೆಯಲ್ಲೇ ಕೂತು ನೋಡುತ್ತಿದ್ದೆ. ವೃತ್ತ ಹಸಿರಾಯಿತು. ಅತ್ತೆಯನ್ನು ಕರೆದೆ, ಯಜಮಾನರನ್ನು ಕರೆದೆ, ಸೊಪ್ಪಿನ ಆಳನ್ನೂ ಕರೆದೆ. ಕರೆದ ಮೇಲೆ ಸಂತೋಷಕ್ಕೆ ನನಗೆ ಮಾತೇ ಹೊರಡಲಿಲ್ಲ, ಮಾತು ನಿಲ್ಲುವ ಕಾಯಿಲೆ ಇವಳಿಗೆ ಅಪರೂಪ ಎಂದು ಯಜಮಾನರು ಆಮೇಲೆ ಊರೆಲ್ಲ ಹೇಳಿಕೊಂಡು ಬಂದರು.

ಇನ್ನು ಬಣ್ಣಕ್ಕೊಂದು ನಿಯಮ ಬೇಕಿತ್ತು. ಆ ಬ್ಯಾಚಿನ ಹುಳು ಚೆನ್ನಾಗಿತ್ತು, ಇಪ್ಪತ್ತು ಮನೆಯಲ್ಲೂ ಗೂಡು ಚೆನ್ನಾಗಿ ಬಂತು. ಅದರ ಪ್ರತಿ ಗಂಟೆಯ ಮೇವಿನ ಅಂಕಿಯನ್ನು ಬರೆದಿಟ್ಟು, ‘ಆರೋಗ್ಯ ಎಂದರೆ ಇದು’ ಎಂದು ಪ್ರೋಗ್ರಾಮಿಗೆ ಕಲಿಸಿದೆ. ಮುಂದಿನ ಬ್ಯಾಚಿನಲ್ಲಿ ಯಾವುದೇ ಗಂಟೆಯ ಮೇವು ಇದರ ಅರ್ಧಕ್ಕಿಂತ ಕೆಳಗಿಳಿದರೆ ಕೆಂಪು. ಇನ್ನೊಂದು ಸಾಲು ಬರೆದೆ, ಅದರ ಬಗ್ಗೆ ನನಗೆ ಬಲು ಹೆಮ್ಮೆ. ಕಾಲಿನ ಸದ್ದು, ತಟ್ಟೆ ಸರಿದ ಸದ್ದು, ದೂಳು ಬಿದ್ದ ಸದ್ದು, ಹೀಗೆ ಮೇಯುವುದಲ್ಲದ ಸಣ್ಣಪುಟ್ಟ ಸದ್ದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎನ್ನುವ ಸಾಲು. ಮೇಡಂ ಪ್ರಯೋಗಾಲಯದಲ್ಲಿ ಅದನ್ನು ನೋಡಿ ತಲೆದೂಗಿದರು. “ಎರಡು ದಿನ ಒಂದೇ ಹೊತ್ತಿಗೆ ಕೆಂಪು ಬಂದ್ರೆ ನನಗೆ ಫೋನ್ ಮಾಡಿ. ಸಪ್ಪೆ ರೋಗ ಹಾಗೇ ಶುರುವಾಗೋದು, ದಿನದಲ್ಲಿ ಒಂದು ಹೊತ್ತಿನ ಹಸಿವು ಮೊದಲು ಹೋಗುತ್ತೆ,” ಎಂದರು.

ಮುಂದಿನ ಬ್ಯಾಚಿನ ಐದನೇ ದಿನ ಬೆಳಿಗ್ಗೆ ಅತ್ತೆ ಮಾಗಡಿಯ ಮಗಳ ಮನೆಗೆ, ಮೊಮ್ಮಗುವಿನ ನಾಮಕರಣಕ್ಕೆ ಹೋದರು. ಅವತ್ತು ಮಧ್ಯಾಹ್ನ ಒಂದು ಗಂಟೆಗೆ ವೃತ್ತ ಕೆಂಪಾಯಿತು. ನಾನು ಪ್ರೋಗ್ರಾಮಿನ ತಪ್ಪು ಎಂದುಕೊಂಡು ಪ್ರತಿ ಸಾಲನ್ನೂ ಓದಿದೆ. ಸಂಜೆಯ ಸೊಪ್ಪಿಗೆ ಮತ್ತೆ ಹಸಿರು, ಬೆಳಿಗ್ಗೆಯ ಸೊಪ್ಪಿಗೂ ಹಸಿರು. ಮರುದಿನ ಒಂದು ಗಂಟೆಗೆ ಮತ್ತೆ ಕೆಂಪು.

ಮೇಡಂ ಎರಡು ಗಂಟೆಗೆ ಬಂದರು. ಬಾಗಿಲಲ್ಲಿ ಬ್ಲೀಚಿಂಗ್ ನೀರಿಗೆ ಕಾಲು ಅದ್ದಿ ಒಳಹೋಗಿ, ಹುಳು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೊಟ್ಟೆಯಿಂದಲೇ ಬರುವ ಗಂಟು ರೋಗವಿಲ್ಲ. ಆದರೆ ಸಪ್ಪೆ ರೋಗ ಹಾಗೆ ಕಾಣುವಂಥದ್ದಲ್ಲ, ಅದರ ಪರೀಕ್ಷೆಗೆ ಎರಡು ದಿನ ಬೇಕು. ಹುಳು ಅಂದು ರಾತ್ರಿ ಪೊರೆಗೆ ಕೂರುತ್ತಿತ್ತು, ಮರುದಿನ ಬೆಳಿಗ್ಗೆ ಇಪ್ಪತ್ತು ಮನೆಯವರು ಬರುವವರಿದ್ದರು. ಪೊರೆ ಬಿಟ್ಟು ಬೆಳೆದ ಹುಳುವನ್ನು ಇಟ್ಟುಕೊಳ್ಳಲು ನಮ್ಮಲ್ಲಿ ಜಾಗವೂ ಇಲ್ಲ, ಸೊಪ್ಪೂ ಇಲ್ಲ.

“ಐದು ಗಂಟೆಯೊಳಗೆ ತೀರ್ಮಾನ ಮಾಡಬೇಕು,” ಎಂದರು. “ಬೇರೆ ಚಾಕಿ ಮನೆಯಲ್ಲಿ ಹುಳು ಹುಡುಕಿಕೊಳ್ಳೋಕೆ ರೈತರಿಗಾದ್ರೂ ಸಮಯ ಸಿಗಲಿ. ಅನುಮಾನ ಇದ್ದ ಹುಳುವನ್ನ ಕೊಡೋ ಹಾಗಿಲ್ಲ ಹೊಂಬಾಳಮ್ಮ. ಹೂಳಬೇಕು.”

ಅವರು ಗಟ್ಟಿಯಾಗಿ ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಹತ್ತು ಲಕ್ಷ ಹುಳು, ಕಣ್ಣಿಗೆ ಲಕಲಕ ಎನ್ನುತ್ತಿದೆ, ಅದನ್ನು ಹೂಳು ಎಂದು ಹೇಳಿದ್ದು ನಾನೇ ಬರೆದ ಪ್ರೋಗ್ರಾಮು. ಅದನ್ನು ನಂಬದೆ ಕೊಟ್ಟರೆ ಇಪ್ಪತ್ತು ಮನೆ ಹಾಳು. ನಂಬಿ ಹೂತರೆ, ಆಮೇಲೆ ಅದು ಸುಳ್ಳೆಂದಾದರೆ, ಕೊಂದವಳು ನಾನು. ಯಜಮಾನರು ಹಾರೆ ಗುದ್ದಲಿ ತೆಗೆದುಕೊಂಡು ಹಿತ್ತಲಿಗೆ ಹೋದರು. ನಾಲ್ಕು ಗಂಟೆಯ ಸೊಪ್ಪು ಹೆಚ್ಚುವುದನ್ನೂ ನಿಲ್ಲಿಸಿದೆವು.

ಮೂರೂವರೆಯ ಬಸ್ಸಿಗೆ ಅತ್ತೆ ಬಂದರು. ಸೆರಗಿನಲ್ಲಿ ನಾಮಕರಣದ ಸಿಹಿ ಕಟ್ಟಿಕೊಂಡಿದ್ದರು. ಹಿತ್ತಲ ಕಡೆ ನೋಡಿ ನಿಂತರು.

“ಯಾರ್ಗವ್ವ ಗುಣಿ?”

ಹೇಳಿದೆ. ಅವರು ಸಿಹಿಯನ್ನು ಕಟ್ಟೆಯ ಮೇಲಿಟ್ಟು, ಕಾಲು ಅದ್ದಿ, ನೇರ ಹುಳದ ಮನೆಗೆ ಹೋದರು. ಒಂದು ತಟ್ಟೆಯ ಮೇಣದ ಕಾಗದ ಎತ್ತಿ ನೋಡಿದರು, ಎರಡನೆಯದು ನೋಡಿದರು, ಮೂರನೆಯದು ನೋಡಿದರು.

“ಚೆನ್ನಾಗವೆ. ಹಸ್ಕೊಂಡವೆ, ಅಷ್ಟೇ.”

“ಅಲ್ಲ ಅಜ್ಜಿ,” ಎಂದರು ಮೇಡಂ, “ಎರಡು ದಿನದಿಂದ ಒಂದು ಗಂಟೆಗೆ ಅವು ತಿಂತಾ ಇಲ್ಲ.”

“ಹಾಕ್ದೆ ಇದ್ರೆ ಏನ್ ತಿಂತವೆ?”

ನಾನು ನಿಧಾನವಾಗಿ ಕೇಳಿದೆ, “ಅತ್ತೆ, ನಾವು ಸೊಪ್ಪು ಹಾಕೋದು ಬೆಳಿಗ್ಗೆ ಆರಕ್ಕೆ, ಸಾಯಂಕಾಲ ನಾಲ್ಕಕ್ಕೆ, ರಾತ್ರಿ ಹತ್ತಕ್ಕೆ. ಒಂದು ಗಂಟೆಗೆ ಮೇಯೋದು ಬೆಳಿಗ್ಗೆ ಉಳಿದ ಸೊಪ್ಪು ಅಂದ್ಕೊಂಡಿದ್ದೆ. ಆಗ ಯಾರು ಹಾಕ್ತಾರೆ?”

ಅವರು ಕಾಗದವನ್ನು ತಟ್ಟೆಯ ಮೇಲೆ ಮತ್ತೆ ಮುಚ್ಚಿ ಅಂಚು ಸರಿಮಾಡಿದರು. ಸರಿಯಾಗಿದ್ದ ಅಂಚನ್ನೇ ಮತ್ತೆ ಮತ್ತೆ ಸರಿಮಾಡಿದರು.

“ನಾನೇಯ. ನೀವು ಉಣ್ಣಕ್ಕೆ ಕೂರ್ತೀರಲ್ಲ, ಆವಾಗ. ತಟ್ಟೆಗೊಂದ್ ಹಿಡಿ, ಜಾಸ್ತಿ ಏನಿಲ್ಲ. ಮನೇಲಿ ಇಷ್ಟೊಂದ್ ಬಾಯಿ ಬರಿದಾಗಿರ್ವಾಗ ನಂಗೆ ಮುದ್ದೆ ಇಳಿಯಕಿಲ್ಲ ಕಣವ್ವ. ನಮ್ಮತ್ತೆನೂ ಹಂಗೇ ಮಾಡ್ತಿದ್ಲು. ಅಳ್ತೆ ಮೀರಿ ಹಾಕ್ಬೇಡಿ ಅಂತ ಹಿಂದಿದ್ದ ರೇಷ್ಮೆ ಸಾಹೇಬ್ರು ಬೈದಿದ್ರು. ಅದ್ಕೇ ಹೇಳ್ಲಿಲ್ಲ.”

ಇಪ್ಪತ್ತೆರಡು ವರ್ಷದಿಂದ ಅವರು “ನೀವುಣ್ಣಿ, ನಾನು ಬತ್ತೀನಿ” ಎನ್ನುತ್ತಿದ್ದರು. ಮಡಿಯೋ ಮುನಿಸೋ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಈಗ ಎಲ್ಲ ತಿಳಿಯಿತು. ನಾನು ‘ಆರೋಗ್ಯ ಎಂದರೆ ಇದು’ ಎಂದು ಪ್ರೋಗ್ರಾಮಿಗೆ ಕಲಿಸಿದ ಲೆಕ್ಕದೊಳಗೆ ಅತ್ತೆಯ ಕಳ್ಳ ಊಟವೂ ಸೇರಿತ್ತು. ಅವರು ಊರಲ್ಲಿಲ್ಲದ ದಿನ ಆ ಒಂದು ಗಂಟೆಯ ಮೇವು ಕಾಣಲಿಲ್ಲ, ಕೆಂಪು ಬಂತು. ನಾನು ಅತ್ತೆಯ ಎರಡೂ ಕೈ ಹಿಡಿದುಕೊಂಡೆ.

“ತಡೀರಿ,” ಎಂದರು ಮೇಡಂ. ಅವರಿಗೂ ಖುಷಿಯಾಗಿತ್ತು, ಆದರೆ ವಿಜ್ಞಾನಿಗಳು ಖುಷಿಯನ್ನು ಸಾಲ ಕೊಡುವವರ ಹಾಗೆ ತಡೆದು ತಡೆದು ತೋರಿಸುತ್ತಾರೆ. “ಕೆಂಪು ಯಾಕೆ ಬಂತು ಅಂತ ಗೊತ್ತಾಯ್ತು. ಹುಳು ಚೆನ್ನಾಗಿದೆ ಅಂತ ಗೊತ್ತಾಗಲಿಲ್ಲ. ಆ ಹೊತ್ತಿಗೆ ಅವಕ್ಕೆ ಹಸಿವಿತ್ತಾ, ಇಲ್ವಾ? ಅದಕ್ಕೆ ಸಾಕ್ಷಿ ಬೇಕು. ಇಲ್ಲದಿದ್ರೆ ನಾನು ಒಪ್ಪೋ ಹಾಗಿಲ್ಲ.”

ಗಂಟೆ ನಾಲ್ಕಾಗಿತ್ತು. ಸೊಪ್ಪಿಲ್ಲದ ಹೊತ್ತಿನಲ್ಲಿ ಹುಳು ಹಸಿದಿದೆ ಎಂದು ಹೇಗೆ ತೋರಿಸುವುದು? ಬಾಯಾಡಿಸಿದರೆ ತಾನೇ ಸದ್ದು? ನಾನು ಪರದೆಯ ಮುಂದೆ ಕೂತೆ. ಆಗ ಕಣ್ಣಿಗೆ ಬಿತ್ತು ಆ ಹೆಮ್ಮೆಯ ಸಾಲು. ಮೇಯುವುದಲ್ಲದ ಸಣ್ಣಪುಟ್ಟ ಸದ್ದನ್ನೆಲ್ಲ ಬಿಡು. ಬಿಟ್ಟದ್ದೆಲ್ಲ ದೂಳೇ ಎಂದು ನನಗೆ ಹೇಳಿದವರು ಯಾರು?

ಡಬ್ಬಿಯಲ್ಲಿ ಈ ಎರಡೂ ದಿನದ ಸದ್ದು, ಹೋದ ಬ್ಯಾಚಿನದೂ, ಪೂರ್ತಿ ಉಳಿದಿತ್ತು. ಆ ಸಾಲನ್ನು ಅಳಿಸಿದೆ. ವೃತ್ತದ ಬದಲು ಗೆರೆ ಎಳೆಯುವ ಹಲಗೆಯೊಂದನ್ನು ಕಿಟಕಿಗೆ ಸೇರಿಸಬೇಕಿತ್ತು. ಎಡದಿಂದ ಬಲಕ್ಕೆ ಹೊತ್ತು, ಕೆಳಗಿಂದ ಮೇಲಕ್ಕೆ ಸದ್ದು. ಅದುವರೆಗೆ ನಾನು ಗೆರೆ ಎಳೆದವಳೇ ಅಲ್ಲ. ಒಂದು ಕಡೆ ಆವರಣ ಮುಚ್ಚಲಿಲ್ಲ, ತಪ್ಪು ಬಂತು. ಇನ್ನೊಂದು ಕಡೆ ಹೆಸರು ಬೇರೆ ಬರೆದೆ, ತಪ್ಪು ಬಂತು. ಬಿದ್ದುಹೋಗಿದ್ದ ಕೀಲಿಯ ಜಾಗದಲ್ಲಿ ಬೆಂಕಿಕಡ್ಡಿ ಊರಿ ಒತ್ತುತ್ತಿದ್ದೆ. ಮೂರನೇ ಸಲ ಗೆರೆ ಬಂತು, ತಲೆಕೆಳಗಾಗಿ. ಪರದೆಯಲ್ಲಿ ಮೇಲಿಂದ ಕೆಳಗೆ ಎಣಿಸುತ್ತಾರೆಂದು ಮೇಡಂ ಹೇಳಿದರು, ಅದನ್ನೂ ತಿದ್ದಿದೆ. ಹಿತ್ತಲಲ್ಲಿ ಗುದ್ದಲಿಯ ಸದ್ದು ಕೇಳುತ್ತಲೇ ಇತ್ತು. ನಾಲ್ಕೂ ನಲವತ್ತಕ್ಕೆ ಒತ್ತಿದೆ.

ಗೆರೆ ಬೆಳಿಗ್ಗೆ ಹತ್ತರಿಂದ ನೆಲ ಹಿಡಿದು ಬಂತು. ಹನ್ನೊಂದು, ಹನ್ನೆರಡು, ಚಪ್ಪಟೆ. ಹನ್ನೆರಡೂ ನಲವತ್ತೈದಕ್ಕೆ ಅದು ತಲೆಯೆತ್ತಿತು. ಏರಿತು, ಏರಿತು, ಒಂದು ಗಂಟೆಗೆ ಕಿಟಕಿಯ ಮೇಲಂಚು ಮುಟ್ಟಿತು. ಅಲ್ಲೇ ಅರ್ಧ ಗಂಟೆ ನಿಂತು, ಆಮೇಲೆ ಸೋತ ಹಾಗೆ ಇಳಿಯಿತು. ಹಿಂದಿನ ದಿನದ ಸದ್ದಿಗೂ ಎಳೆದೆ. ಅದೇ ಹೊತ್ತು, ಅದೇ ಗುಡ್ಡ. ಮೇಡಂ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಸದ್ದನ್ನು ನಿಧಾನ ಮಾಡಿ ಕೇಳಿದರು. ಕೇಳುತ್ತ ಕೇಳುತ್ತ ನೆಲದ ಮೇಲೆ ಕೂತುಬಿಟ್ಟರು.

“ಇದು ಮೇಯೋದಲ್ಲ,” ಎಂದರು. “ಮುಂದಿನ ಕಾಲು ಎತ್ತಿ ಇಡೋ ಸದ್ದು. ತಲೆ ಎತ್ತಿ ಆ ಕಡೆ ಈ ಕಡೆ ಹುಡುಕ್ತಾ ಇವೆ. ಎಲ್ಲವೂ, ಒಟ್ಟಿಗೆ. ಹೋದ ಬ್ಯಾಚಿಂದು ಹಾಕಿ.”

ಹಾಕಿದೆ. ಅದರಲ್ಲೂ ಹನ್ನೆರಡೂ ನಲವತ್ತೈದಕ್ಕೆ ಅಷ್ಟೇ ಎತ್ತರದ ಗುಡ್ಡ ಏಳುತ್ತಿತ್ತು. ಒಂದು ಗಂಟೆಗೆ ಸೊಪ್ಪು ಬಿದ್ದ ಕೂಡಲೆ ಆ ಗುಡ್ಡ ಮುಗಿದು ಮೇವು ಶುರುವಾಗುತ್ತಿತ್ತು. ಗೂಡು ಕಟ್ಟಿ ಗೆದ್ದ ಹುಳುವಿನಷ್ಟೇ ಹಸಿವು ಇವಕ್ಕೂ ಇತ್ತು.

“ಸಪ್ಪೆ ರೋಗ ಬಂದ ಹುಳು ತಲೆ ಎತ್ತಲ್ಲ ಹೊಂಬಾಳಮ್ಮ. ಇವು ಎತ್ತಿವೆ. ಅಷ್ಟೇ ಅಲ್ಲ, ನೀವು ಅರ್ಥ ಮಾಡ್ಕೊಳ್ಳಿ, ಇವು ಸೊಪ್ಪು ಬೀಳೋಕ್ಕಿಂತ ಕಾಲು ಗಂಟೆ ಮುಂಚೆನೇ ಎತ್ತಿವೆ. ಗೋಡೆಯಲ್ಲಿ ಗಡಿಯಾರ ಇಲ್ಲ, ಕೋಣೆಗೆ ಬಿಸಿಲಿಲ್ಲ. ಆರು ದಿನದ ಹುಳುವಿಗೆ ಹೊತ್ತು ಗೊತ್ತು. ಇದನ್ನ ಯಾರೂ ನೋಡಿಲ್ಲ. ಇಡೀ ಪ್ರಪಂಚದಲ್ಲಿ ಯಾರೂ.”

ನಾನು ಹಿತ್ತಲಿಗೆ ಓಡಿ ಯಜಮಾನರ ಕೈಯಿಂದ ಗುದ್ದಲಿ ಕಿತ್ತುಕೊಂಡೆ. ಸೊಂಟದ ಮಟ್ಟ ಗುಣಿಯೊಳಗೆ ನಿಂತಿದ್ದ ಅವರು, “ಸಾಕಾ, ಇನ್ನೂ ಆಳ ಬೇಕಾ?” ಎಂದು ಕೇಳಿದರು. ಐದಕ್ಕೆ ಮೂರು ನಿಮಿಷ ಇದ್ದಾಗ ಮೊದಲ ಮನೆಗೆ ಫೋನು ಮಾಡಿದೆ. ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ. ಇಪ್ಪತ್ತು ಮನೆಗೂ ಅದೇ ಮಾತು. ಎರಡು ದಿನದ ಮೇಲೆ ಪರೀಕ್ಷೆಯ ಉತ್ತರವೂ ಬಂತು, ಕಾಯಿಲೆ ಇಲ್ಲವೆಂದು. ಅಷ್ಟರಲ್ಲಿ ನಾವು ಅದನ್ನು ಮರೆತೇಬಿಟ್ಟಿದ್ದೆವು.

ಏಕೆಂದರೆ ಮೇಡಂಗೆ ಹೊಸ ಪ್ರಶ್ನೆ ಹಿಡಿದಿತ್ತು, ಅದು ನನಗೂ ಅಂಟಿತ್ತು. ಪೊರೆ ಬಿಟ್ಟ ಮೇಲೂ ಆ ಹೊತ್ತು ಅವಕ್ಕೆ ನೆನಪಿರುತ್ತದಾ? ಬೇರೆ ಮನೆ, ಬೇರೆ ಕೈ, ಬೇರೆ ಸೊಪ್ಪು. ಹುಳು ಕೊಡುವಾಗ ಮೇಡಂ ಒಬ್ಬೊಬ್ಬರಿಗೂ ಹೇಳಿದರು, “ಮೂರನೇ ದಿನ ಬೆಳಿಗ್ಗೆ ಸೊಪ್ಪು ಹಾಕಿದ ಮೇಲೆ ಎರಡು ಗಂಟೆವರೆಗೂ ಹಾಕಬೇಡಿ. ಒಂದು ಗಂಟೆಗೆ ಹುಳುವನ್ನ ನೋಡಿ, ಕಂಡಿದ್ದನ್ನ ಫೋನ್ ಮಾಡಿ ಹೇಳಿ.” ಏನು ಕಾಣುತ್ತದೆಂದು ಹೇಳಲಿಲ್ಲ. ಅತ್ತೆ ತಟ್ಟೆ ಎತ್ತಿ ಕೊಡುತ್ತ ಎಲ್ಲವನ್ನೂ ಕೇಳಿಸಿಕೊಂಡರು.

ಆ ಎರಡು ದಿನದಲ್ಲಿ ನಾನು ಹೊಸ ಕಿಟಕಿ ಬರೆದೆ. ಇಪ್ಪತ್ತು ಮನೆಯ ಹೆಸರು, ಹೆಸರಿನ ಮುಂದೆ ಒಂದೊಂದು ಖಾಲಿ ಪೆಟ್ಟಿಗೆ. ಫೋನು ಬಂದು, ಹುಳು ತಲೆ ಎತ್ತಿದೆ ಎಂದರೆ ಪೆಟ್ಟಿಗೆ ಒತ್ತಬೇಕು, ಸರಿ ಗುರುತು ಬೀಳುತ್ತದೆ, ಕೆಳಗೆ ಎಣಿಕೆ ಏರುತ್ತದೆ. ಒಂದು ಸಲವೂ ತಪ್ಪು ಬರಲಿಲ್ಲ, ನನಗೇ ಅನುಮಾನ ಬಂತು.

ಮೂರನೇ ದಿನ ಹನ್ನೆರಡೂವರೆಗೆ ಮೇಡಂ ನಮ್ಮ ಜಗಲಿಯಲ್ಲಿ ಪುಸ್ತಕ ತೆರೆದು ಕೂತರು. ನಾನು ಲ್ಯಾಪ್‌ಟಾಪಿನ ಮುಂದೆ. ಹನ್ನೆರಡೂ ಐವತ್ತೆರಡಕ್ಕೆ ಮೊದಲ ಫೋನು, ದೊಡ್ಡಾಲಳ್ಳಿ ಕಡೆಯ ರೈತ ಸಿದ್ದಪ್ಪಾಜಿ. “ಅಕ್ಕ, ಎಲ್ಲಾ ತಲೆ ಎತ್ಕೊಂಡ್ ಕೂತವೆ. ಕಾಯ್ಲೆನಾ?” ಅಲ್ಲ ಎಂದು ಹೇಳಿ ಪೆಟ್ಟಿಗೆ ಒತ್ತಿದೆ. ಎರಡನೆಯದು. ಮೂರನೆಯದು. ಮೇಡಂ ಒಂದೊಂದನ್ನೂ ಹೊತ್ತಿನ ಸಮೇತ ಬರೆದುಕೊಂಡರು. ಏಳು. ಒಬ್ಬರು ಫೋನು ಇಡುವಷ್ಟರಲ್ಲಿ ಇನ್ನೊಬ್ಬರು. ಒಂಬತ್ತು. ಪೊರೆ ಕಳಚಿ, ಮನೆ ಬದಲಾಗಿ, ಮೈಲಿಗಟ್ಟಲೆ ದೂರ ಹೋದರೂ ಅವು ಮರೆತಿರಲಿಲ್ಲ. ಹತ್ತು. ಹನ್ನೊಂದು. ನಾನು ಕೂತಲ್ಲಿ ಕೂರಲಾರದೆ ಎದ್ದು ನಿಂತಿದ್ದೆ.

ಹನ್ನೆರಡನೇ ಫೋನನ್ನು ಅತ್ತೆ ಎತ್ತಿದರು. ಒಳಗಿನಿಂದ ಯಾವಾಗ ಬಂದರೋ, ಕೈಗೆಲ್ಲ ಸೊಪ್ಪಿನ ಹಸಿರು ಮೆತ್ತಿತ್ತು. ಆ ಕಡೆಯವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

“ಕಾಯ್ಲೆ ಅಲ್ಲ ಕಣಪ್ಪ, ಕಾಯ್ತಾ ಅವೆ. ಎಲ್ಡ್ ಗಂಟೆ ಗಿಲ್ಡ್ ಗಂಟೆ ಬ್ಯಾಡ. ಮೊದ್ಲು ಒಂದ್ ಹಿಡಿ ಸೊಪ್ಪಾಕು, ಆಮೇಲೆ ಮಾತಾಡು.”

“ಅಜ್ಜಿ, ಇನ್ನು ಒಂದೇ ಒಂದು ಗಂಟೆ,” ಎಂದರು ಮೇಡಂ.

ಅತ್ತೆ ಸಿಟ್ಟು ಮಾಡಲಿಲ್ಲ. ಮೇಡಂ ಪಕ್ಕ ಕೂತು ಕೇಳಿದರು, “ಗೊತ್ತಿಲ್ದೆ ಇದ್ದಾಗ ಸರಿ ಕಣವ್ವ. ಕಾಯ್ತವೆ ಅಂತ ಗೊತ್ತಾದ್ಮೇಲೂ ಕಾಯ್ಸೋದಾ?”

ಮೇಡಂ ಪುಸ್ತಕ ನೋಡಿದರು. ನಾನು ಕಿಟಕಿ ನೋಡಿದೆ. ಹನ್ನೊಂದು ಸರಿ ಗುರುತು, ಒತ್ತಲು ಮರೆತ ಹನ್ನೆರಡನೆಯದೂ ಸೇರಿ ಒಂಬತ್ತು ಖಾಲಿ ಪೆಟ್ಟಿಗೆ. ಇಪ್ಪತ್ತೂ ತುಂಬಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ, ಸುಳ್ಳು ಹೇಳಲಾರೆ. ಗಂಟೆ ಒಂದೂ ಆರು ಆಗಿತ್ತು. ಈಗಲೇ ಸೊಪ್ಪು ಹಾಕಿ ಎನ್ನಲು, ಸಿದ್ದಪ್ಪಾಜಿಯ ಹೆಸರಿನಿಂದ ಶುರುಮಾಡಿ ನಾನು ಫೋನು ಮಾಡತೊಡಗಿದೆ.

ಮೇಡಂ ಪೆನ್ನಿನ ಮುಚ್ಚಳ ಹಾಕಿ ತಮ್ಮ ಫೋನು ತೆಗೆದರು. “ಕೆಳಗಿನ ಹತ್ತು ಮನೆ ನನಗೆ ಹೇಳಿ,” ಎಂದರು. “ಇಬ್ಬರೂ ಮಾಡಿದ್ರೆ ಬೇಗ ಆಗುತ್ತೆ.”